ಕನಕಾಂಬರ ಬಣ್ಣದ ಸೀರೆ

ಗಂಡಸು ಸೀರೆಯುಟ್ಟು ಹೊರಗೆ ಹೋಗಬೇಕೆಂದರೆ ಮೊದಲು ಕಲಿಯಬೇಕಾದದ್ದು ನಡೆಯುವುದನ್ನಲ್ಲ, ನಿಲ್ಲುವುದನ್ನು. ನಡೆಯುವಾಗ ಯಾರೇ ಆದರೂ ಏನೋ ಕೆಲಸದ ಮೇಲೆ ಹೊರಟವರಂತೆ ಕಾಣುತ್ತಾರೆ. ಸಿಕ್ಕಿಬೀಳುವುದು ನಿಂತಾಗ. ಗಂಡಸು ಕಾಲು ಅಗಲಿಸಿ, ಆ ನೆಲ ತನ್ನ ಹೆಸರಿಗೇ ಬರೆದಿದೆ ಎನ್ನುವ ಹಾಗೆ ನಿಲ್ಲುತ್ತಾನೆ. ಹೆಂಗಸು ಒಂದು ಕಾಲಿನ ಮೇಲೆ ಭಾರ ಹಾಕಿ, ಯಾರಾದರೂ ಬಂದರೆ ಪಕ್ಕಕ್ಕೆ ಸರಿಯಬೇಕಲ್ಲ ಎಂದುಕೊಂಡೇ ನಿಂತಿರುತ್ತಾಳೆ. ಇದು ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒಬ್ಬನಿಗೆ ಹೇಳಿಕೊಡಬೇಕಾಗಿ ಬಂದಾಗ ನಾನು ಹೇಗೆ ನಿಲ್ಲುತ್ತೇನೆ ಎಂದು ನೋಡಿಕೊಂಡೆ, ಅಷ್ಟೆ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮೆಜಮಾನರು ಡೆಟ್ರಾಯಿಟಿನ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ನಾನು ಬೇಸ್‌ಮೆಂಟಿನಲ್ಲಿ ಹಳೇ ಹೊಲಿಗೆ ಮೆಷಿನ್ ಇಟ್ಟುಕೊಂಡು ನಮ್ಮ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದೆ. ಆನ್ ಆರ್ಬರ್‌ನಿಂದ ಒಂದು ಗಂಟೆ ಕಾರು ಓಡಿಸಿಕೊಂಡು ಡಾಕ್ಟರುಗಳ ಹೆಂಡಿರು ಬರುತ್ತಿದ್ದರು. ಬೇರೆ ಯಾರಿಗೂ ತೋಳಿನ ಕೆಳಗೆ ಹಿಡಿಯದ ಹಾಗೆ ರವಿಕೆ ಹೊಲಿಯಲು ಬರುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಧಾರವಾಡದವನೊಬ್ಬ ಬಂದ. ನಮ್ಮವರ ಕಾರ್ಖಾನೆಯವನೇ, ಮೂವತ್ತರ ಆಸುಪಾಸು, ಒಂಟಿ. ಕೈಯಲ್ಲಿ ಬಟ್ಟೆ ಇತ್ತು, ಮಡಿಸಿದ ಒಂದು ಕಾಗದ ಇತ್ತು.

"ಅಕ್ಕಾರ, ಒಂದು ಜಂಪರ್ ಹೊಲಿಸೋದಿತ್ರಿ. ನಮ್ಮ ತಂಗಿಗೆ. ಊರಿಗೆ ಕಳಸಬೇಕು."

ರವಿಕೆಗೆ ಅವರ ಕಡೆ ಜಂಪರ್ ಅನ್ನುತ್ತಾರೆ. ಅಳತೆಗೆ ಹಳೇ ರವಿಕೆ ಕೊಡು ಎಂದೆ. ಯಾವ ಊರಿನ ದರ್ಜಿಯಾದರೂ ಮೊದಲು ಕೇಳುವುದು ಅದನ್ನೇ. ಅವನ ಹತ್ತಿರ ಇರಲಿಲ್ಲ. ಕಾಗದ ಬಿಚ್ಚಿ ಮುಂದಿಟ್ಟ. ಕಾರಿನ ಬಾಗಿಲಿಗೆ ನಕ್ಷೆ ಬರೆಯುವ ಹಾಗೆ ಬರೆದಿದ್ದ, ಇಂಚನ್ನು ಹದಿನಾರು ಭಾಗ ಮಾಡಿ. ನನಗೆ ಇಂಗ್ಲಿಷ್ ಬಾರದಿದ್ದರೂ ಅಂಕಿ ಬರುತ್ತದೆ. ಭುಜದ ಅಳತೆ ನೋಡಿದೆ. ಆಮೇಲೆ ಅವನ ಭುಜ ನೋಡಿದೆ.

"ನಿನ್ನ ತಂಗಿ ಕುಸ್ತಿ ಆಡ್ತಾಳೇನಪ್ಪ?"

ಅವನು ಕಾಗದ ಮತ್ತೆ ಮಡಿಸತೊಡಗಿದ.

"ಸ್ವೆಟರ್ ಬಿಚ್ಚು. ಕಾಗದ ನಂಬ್ಕೊಂಡು ಹೊಲಿದ್ರೆ ಕಂಕುಳಲ್ಲಿ ಕಿತ್ಕೊಳತ್ತೆ. ಸರಿಯಾಗಿ ಅಳೀತೀನಿ."

ಅವನ ಮುಖ ಸುಣ್ಣದ ಹಾಗಾಯಿತು. ಬಾಗಿಲ ಕಡೆ ನೋಡಿದ, ಟೇಪು ನೋಡಿದ, ಆಮೇಲೆ ಸ್ವೆಟರ್ ಬಿಚ್ಚಿ ಕೈ ಅಗಲಿಸಿ ನಿಂತ. ನನಗೆ ಅದರಲ್ಲಿ ದೊಡ್ಡ ಸಂಗತಿ ಏನೂ ಕಾಣಲಿಲ್ಲ. ಬಂದ ಮೈಗೆ ಹೊಲಿಯುವುದು ನನ್ನ ಕೆಲಸ.

ಎರಡನೇ ಸಲ ಬಂದಾಗ ಅವನೇ ಬಾಯಿ ಬಿಟ್ಟ. ಹಲವು ವರ್ಷದಿಂದ ಅಪಾರ್ಟ್‌ಮೆಂಟಿನಲ್ಲಿ ಪರದೆ ಎಳೆದುಕೊಂಡು ಸೀರೆ ಉಡುತ್ತಿದ್ದನಂತೆ.

"ಒಮ್ಮೆ ಹೊರಗ ಹೋಗಿ ಬರಬೇಕ್ರಿ, ಅಕ್ಕಾರ. ಹಗಲಿನ್ಯಾಗ. ಮಂದಿ ನೋಡಬೇಕು, ನೋಡಿ ಸುಮ್ನ ಹೋಗಬೇಕು. ಅಷ್ಟ."

"ಹೋಗು. ಯಾರು ಬೇಡ ಅಂದ್ರು?"

"ಪೊಲೀಸರು ಹಿಡೀತಾರ್ರಿ. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡೀನಿ. ಹೆಸರು ಅವರ ಪುಸ್ತಕದಾಗ ಬಿತ್ತಂದ್ರ ನೌಕರಿ, ಕಾರ್ಡು, ಎಲ್ಲಾ ಮುಗೀತು."

ಗಂಡಸು ಹೆಂಗಸಿನ ಬಟ್ಟೆ ತೊಟ್ಟು ಬೀದಿಗೆ ಬಂದರೆ ಹಿಡಿಯುವ ಕಾನೂನು ಡೆಟ್ರಾಯಿಟಿನಲ್ಲೂ ಇತ್ತಂತೆ, ಶಿಕಾಗೋದಲ್ಲೂ ಇತ್ತಂತೆ. ನನಗೆ ಗೊತ್ತಿರಲಿಲ್ಲ. ಹಾಗಾದರೆ ಸರಿಯಾಗಿ ಕಲಿತೇ ಹೋಗಬೇಕು, ಅರ್ಧಂಬರ್ಧ ಬೇಡ ಎಂದೆ.

ಒಂದು ತಿಂಗಳು ಬೇಸ್‌ಮೆಂಟಿನಲ್ಲಿ ಕಲಿಸಿದೆ. ಸೆರಗಿಗೆ ಎರಡು ಪಿನ್ನು, ನೆರಿಗೆಗೆ ಒಂದು, ಒಳಗಡೆಯಿಂದ, ಹೊರಗೆ ಕಾಣಬಾರದು. ಸೀರೆ ನೆಲಕ್ಕಿಂತ ಒಂದಿಂಚು ಮೇಲಿರಬೇಕು. ಹಿಮದ ನೀರು ಅಂಚಿಗೆ ಹಿಡಿದರೆ ಮೊಣಕಾಲಿನವರೆಗೆ ಹತ್ತುತ್ತದೆ, ಆಗ ಸೀರೆ ಎತ್ತಿ ಹಿಡಿಯುತ್ತೀಯ, ಗಂಡಸಿನ ಪಾದ ಕಾಣುತ್ತದೆ. ಗಡ್ಡ ಕೆರೆದ ಮೇಲೆ ಎರಡು ಗಂಟೆ ಬಿಡಬೇಕು, ಕೆಂಪು ಇಳಿಯಬೇಕು, ಆಮೇಲೆ ಪೌಡರು. ಪೌಡರನ್ನು ಬಲ್ಬಿನ ಕೆಳಗೆ ಹಚ್ಚಬಾರದು, ಕಿಟಕಿಯ ಹತ್ತಿರ ಹಚ್ಚಬೇಕು. ಹೊರಗಿನವರು ನೋಡುವುದು ಹೊರಗಿನ ಬೆಳಕಿನಲ್ಲಿ ತಾನೇ. ಕೈಚೀಲ ಖಾಲಿ ಇರಬಾರದು. ಖಾಲಿ ಚೀಲ ನಾಟಕದ ಚೀಲದ ಹಾಗೆ ತೂಗಾಡುತ್ತದೆ. ಒಳಗೆ ಏನಾದರೂ ಭಾರ ಹಾಕು, ಲೈಸೆನ್ಸು ಇಟ್ಟುಕೋ, ಫೋನಿಗೆ ಚಿಲ್ಲರೆ ಇಟ್ಟುಕೋ. ಮನೆಯಲ್ಲೇ ಬಾತ್‌ರೂಮಿಗೆ ಹೋಗಿ ಬಂದು ಹೊರಡು. ಕಾರನ್ನು ಬಾಗಿಲ ಹತ್ತಿರ, ಮೂತಿ ಹೊರಗೆ ಮಾಡಿ ನಿಲ್ಲಿಸು. ಯಾವನಾದರೂ ಹಿಂದೆ ಬಂದರೆ ಕಾರಿನ ಕಡೆ ಓಡಬೇಡ, ಗಲ್ಲಾದಲ್ಲಿ ಹೆಂಗಸರಿರುವ ಅಂಗಡಿಗೆ ನುಗ್ಗು. ಬಾರು ಇರುವ ಕಡೆಗೆ ಹೋಗಲೇಬೇಡ. ಎಲ್ಲಿಗೆ ಹೋಗುತ್ತೀಯ, ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಒಬ್ಬರಿಗಾದರೂ ಹೇಳಿ ಹೋಗು.

ಧ್ವನಿಯ ಬಗ್ಗೆ ಅವನಿಗೆ ಬಹಳ ಹೆದರಿಕೆ. ಕೀಚಲು ಮಾಡಿ ಮಾತಾಡಿ ತೋರಿಸಿದ.

"ಬೇಡ ಕಣಪ್ಪ, ಬೆಕ್ಕು ತುಳಿದಂಗಿದೆ. ನಿನ್ನ ಧ್ವನೀಲೇ ಮೆಲ್ಲಗೆ, ನಿಧಾನವಾಗಿ ಮಾತಾಡು. ನಮ್ಮತ್ತೆ ಧ್ವನಿ ನಿನಗಿಂತ ದಪ್ಪ. ಅವರು ಆರು ಮಕ್ಕಳು ಹೆತ್ತರು."

ಅವನು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗಲೇ.

ಸೀರೆಯ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಲಿಲ್ಲ. ಬೂದಿಯದೋ ನೀಲಿಯದೋ ಉಡು, ಕಣ್ಣಿಗೆ ಹೊಡೆಯಬಾರದು ಎಂದೆ. ಅವನು ಊರಿನಿಂದ ತಂದದ್ದು ಕನಕಾಂಬರ ಬಣ್ಣದ್ದು. ಅದೇ ಬೇಕೆಂದ. ಬಿಳಿಯರಿಗೆ ಆ ಬಣ್ಣ ತೊಂದರೆಯಲ್ಲ, ಅವರು ಸೀರೆ ನೋಡಿದರೆ ಸೀರೆಯನ್ನೇ ನೋಡುತ್ತಾರೆ, ಮುಖ ನೋಡುವುದಿಲ್ಲ. ಅಪಾಯ ನಮ್ಮ ಹೆಂಗಸರದು. ಆ ಕಾಲದಲ್ಲಿ ದೂರದಲ್ಲಿ ಒಂದು ಸೀರೆ ಕಂಡರೆ ಸಾಕು, ಹಿಮದಲ್ಲಿ ಜಾರಿಕೊಂಡಾದರೂ ಓಡಿಬಂದು ಕೈ ಹಿಡಿಯುತ್ತಿದ್ದೆವು. ಯಾವೂರು, ಯಾವಾಗ ಬಂದ್ರಿ, ಮನೆಗೆ ಬನ್ನಿ. ನಾನೂ ಹಾಗೆ ಎಷ್ಟೋ ಜನರ ಹಿಂದೆ ಓಡಿದ್ದೇನೆ. ವಾರಗಟ್ಟಲೆ ಗಂಡನ ಮುಖ ಬಿಟ್ಟರೆ ನಮ್ಮವರ ಮುಖವೇ ಕಾಣದಿದ್ದಾಗ ಹಾಗೆ ಆಗುತ್ತದೆ. ಅದಕ್ಕೇ ಅವನ ಕುತ್ತಿಗೆಗೆ ನನ್ನ ಹಳೇ ಕರಿಮಣಿ ಸರ ಹಾಕಿದೆ. ನಮ್ಮವರು ಮೊದಲು ನೋಡುವುದು ಕುತ್ತಿಗೆ.

ಕೊನೆಯ ದಿನ ಪೂರ್ತಿ ಉಡಿಸಿ, ತಲೆಗೆ ವಿಗ್ ಹಾಕಿ, ಸೆರಗು ಸವರಿ, ಕನ್ನಡಿಯ ಮುಂದೆ ನಿಲ್ಲಿಸಿದಾಗ ನನಗೆ ಒಂದು ಹಳೇ ಮಾತು ನೆನಪಾಯಿತು. ನಮ್ಮೂರಿನಲ್ಲಿ ನಾಟಕಕ್ಕೆ ಗಂಡಸರೇ ರಾಣಿಯ ವೇಷ ಕಟ್ಟುತ್ತಿದ್ದರು. ಕಟ್ಟಿ ಮುಗಿದ ಮೇಲೆ ಅವರನ್ನು ಹೆಸರು ಹಿಡಿದು ಕರೆಯಬಾರದು ಎಂದು ನನ್ನ ಅಜ್ಜಿ ಗದರಿಸುತ್ತಿದ್ದಳು. ಕರೆದರೆ ಓಗೊಡುವುದು ಯಾರೋ ಗೊತ್ತಾಗುವುದಿಲ್ಲವಂತೆ. ನಾನು ದೆವ್ವ ಗಿವ್ವ ನಂಬುವವಳಲ್ಲ. ಆದರೂ ಕನ್ನಡಿಯಲ್ಲಿ ಆ ಮುಖ ನೋಡಿ, ನಾಲಿಗೆಯ ತುದಿಗೆ ಬಂದಿದ್ದ ಅವನ ಹೆಸರನ್ನು ನುಂಗಿಕೊಂಡೆ.

ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಹೋದೆವು. ಹೊಸದಾಗಿ ತೆರೆದ ಮಾಲ್, ಎರಡು ಅಂತಸ್ತು, ನಡುವೆ ಕಾರಂಜಿ. ವಾರದ ನಡುವೆ, ಜನವಿಲ್ಲ. ಅವನು ಮೂವತ್ತು ಹೆಜ್ಜೆ ಮುಂದೆ, ನಾನು ಹಿಂದೆ. ದಾರದ ಅಂಗಡಿಗೆ ಹೋಗು, ಒಂದು ಉಂಡೆ ದಾರ ತಗೋ, ಬಾ ಎಂದಿದ್ದೆ. ಕೆಲಸವಿಟ್ಟುಕೊಂಡು ಹೋದವರನ್ನು ಯಾರೂ ನೋಡುವುದಿಲ್ಲ. ಹಾಗೆಯೇ ಆಯಿತು. ಒಬ್ಬ ಮುದುಕ ಬಾಗಿಲು ಹಿಡಿದುಕೊಂಡ. ಮಗುವಿನ ತಳ್ಳುಗಾಡಿಯವಳು ದಾರಿ ಬಿಟ್ಟಳು. ಕಾವಲಿನವನು ಒಮ್ಮೆ ನೋಡಿ ಆಕಳಿಸಿದ.

ನಾನು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದೆ. ಎದ್ದು ನೋಡಿದರೆ ಅವನಿಲ್ಲ. ಮೇಲೆ ನೋಡಿದೆ. ಮೇಲಿನ ಅಂತಸ್ತಿನ ಕಂಬಿಯ ಪಕ್ಕದಲ್ಲಿ ಕನಕಾಂಬರ ಬಣ್ಣ ಹೋಗುತ್ತಿತ್ತು. ಮೇಲೆ ಹೋಗಬೇಡ ಎಂದಿದ್ದೆ, ಸಿಟ್ಟು ಬಂತು. ಮೆಟ್ಟಿಲು ಹತ್ತಿ ಹಿಂದೆ ಹೋದೆ. ನಾನು ಬೇಗ ನಡೆದರೂ ನಡುವಿನ ದೂರ ಅಷ್ಟೇ ಇತ್ತು. ನಡಿಗೆ ಚೆನ್ನಾಗಿತ್ತು, ನಾನು ಕಲಿಸಿದ್ದಕ್ಕಿಂತ ಚೆನ್ನಾಗಿತ್ತು. ಮುಚ್ಚಿದ್ದ ಅಂಗಡಿಯೊಂದರ ಮುಂದೆ ಆ ಸೀರೆ ನಿಂತಿತು. ಒಂದು ಕಾಲಿನ ಮೇಲೆ ಭಾರ ಹಾಕಿ, ಪಕ್ಕಕ್ಕೆ ಸರಿಯುವವಳ ಹಾಗೆ. ಅವನ ಹೆಸರು ಕರೆಯಬೇಕೆಂದು ಬಾಯಿ ತೆರೆದೆ.

"ಅಕ್ಕಾರ, ಎಲ್ಲಿ ಹೊಂಟ್ರಿ? ದಾರ ತಗೊಂಡೀನಿ."

ಧ್ವನಿ ನನ್ನ ಬೆನ್ನ ಹಿಂದೆ. ತಿರುಗಿದೆ. ಅವನು ಮೆಟ್ಟಿಲ ಮೇಲೆ, ಕೈಯಲ್ಲಿ ದಾರದ ಪೊಟ್ಟಣ. ಮತ್ತೆ ಆ ಕಡೆ ನೋಡಿದೆ. ಮುಚ್ಚಿದ ಅಂಗಡಿಯ ಗಾಜು ಮಾತ್ರ ಇತ್ತು. ಗಾಜಿನಲ್ಲಿ ಅವನೂ ನಾನೂ ಕಾಣುತ್ತಿದ್ದೆವು, ನಾನು ಕಂಡದ್ದು ಆ ಪ್ರತಿಬಿಂಬವೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಅವನಿಗೆ ಏನೂ ಹೇಳಲಿಲ್ಲ. ಹೆದರಿದವರು ತಪ್ಪು ಹೆಜ್ಜೆ ಇಡುತ್ತಾರೆ. ಕಾರು ತಲುಪುವ ತನಕ ಅವನು ಹೆದರಬಾರದಿತ್ತು.

ಮರುದಿನ ಫೋನು ಬಂತು. ಆನ್ ಆರ್ಬರ್‌ನ ಡಾಕ್ಟರ ಹೆಂಡತಿ. ಎಲ್ಲ ಗೊತ್ತಿರುವಾಕೆ, ಭಾನುವಾರ ಒಂಟಿ ಗಂಡಸರನ್ನೆಲ್ಲ ಕರೆದು ಊಟ ಹಾಕುವಾಕೆ. ಧಾರವಾಡದವನೂ ಅವರ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದ.

"ಏನ್ರೀ, ಊರಿಂದ ಯಾರೋ ಬಂದಿದಾರಂತೆ, ಹೇಳೋದೇ ಇಲ್ವಲ್ಲ ನೀವು?"

"ಯಾರೂ ಬಂದಿಲ್ವಲ್ರೀ."

"ಸುಮ್ನಿರಿ. ನಿನ್ನೆ ಮಾಲ್‌ನಲ್ಲಿ ಕಾರಂಜಿ ಹತ್ರ ನಾನೇ ಮಾತಾಡಿಸ್ದೆ. ಕನಕಾಂಬರದ ಸೀರೆ. ಎಲ್ಲಿದೀರಾ ಅಂದ್ರೆ ನಿಮ್ಮನ್ನ ತೋರಿಸಿ, ಅವರ ಮನೇಲೇ ಇರ್ತೀನಿ ಅಂದ್ರು. ನೀವು ಮೆಟ್ಲು ಹತ್ತಿಕೊಂಡು ಹೋಗ್ತಾ ಇದ್ರಿ, ತಿರುಗಿ ಕೂಡ ನೋಡ್ಲಿಲ್ಲ."

ಸಂಜೆ ಅವನನ್ನು ಕೇಳಿದೆ. ಯಾರೊಂದಿಗೂ ಮಾತಾಡಿಲ್ಲ, ಕಾರಂಜಿಯ ಹತ್ತಿರ ಹೋಗಿಯೇ ಇಲ್ಲ ಎಂದು ಆಣೆ ಮಾಡಿದ. ಅವನು ಸುಳ್ಳು ಹೇಳುವವನಲ್ಲ. ಹೇಳಿದರೂ ಮುಖ ಸುಣ್ಣವಾಗುತ್ತದೆ, ತಂಗಿಯ ಜಂಪರಿನ ದಿನ ನೋಡಿದ್ದೆನಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಶುಕ್ರವಾರ ಅವನು ರಜೆ ಹಾಕಿ, ಇನ್ನೊಮ್ಮೆ ಅಂಚೆ ಡಬ್ಬಿಯ ತನಕ ಹೋಗಿ ಬರುತ್ತೇನೆಂದು ಬಂದ. ಉಟ್ಟು ಮುಗಿದಿತ್ತು. ಆಗ ಮೇಲೆ ಬಾಗಿಲ ಸದ್ದಾಯಿತು. ಆ ಕಾಲದಲ್ಲಿ ಹಗಲು ಬೀಗ ಹಾಕುತ್ತಿರಲಿಲ್ಲ. ರವಿಕೆಗೆ ಬರುವವರು ನೇರ ಬೇಸ್‌ಮೆಂಟಿಗೆ ಇಳಿದು ಬರುತ್ತಿದ್ದರು. ಡಾಕ್ಟರ ಹೆಂಡತಿ ಇಳಿದು ಬಂದಳು, ಕೈಯಲ್ಲಿ ಕುಂಕುಮದ ಭರಣಿ, ಒಂದು ರವಿಕೆ ಕಣ.

"ಶುಕ್ರವಾರ ಅಲ್ವೇನ್ರೀ. ಊರಿಂದ ಬಂದೋರನ್ನ ಬರಿಗೈಲಿ ಕಳಿಸೋಕಾಗತ್ತಾ?"

ಅವನು ಮೆಷಿನ್ನಿನ ಪಕ್ಕದಲ್ಲಿ ನಿಂತಿದ್ದ. ಅಡಗಲು ಜಾಗವಿರಲಿಲ್ಲ. ಅವನ ಗ್ರೀನ್ ಕಾರ್ಡು, ನೌಕರಿ, ಭಾನುವಾರದ ಊಟ, ನಮ್ಮೆಜಮಾನರ ಮರ್ಯಾದೆ, ಎಲ್ಲ ಆ ಆರಡಿ ಜಾಗದಲ್ಲಿ ನಿಂತಿತ್ತು. ಕಾಲು ಅಗಲಿಸಬೇಡ ಎಂದು ಮನಸ್ಸಿನಲ್ಲೇ ಹೇಳಿದೆ. ಅವನು ಅಗಲಿಸಲಿಲ್ಲ. ಒಂದು ಕಾಲಿನ ಮೇಲೆ ಭಾರ ಹಾಕಿ, ಸ್ವಲ್ಪ ಪಕ್ಕಕ್ಕೆ ಸರಿದು ಆಕೆಗೆ ಜಾಗ ಮಾಡಿಕೊಟ್ಟ.

ಆಕೆ ಅವನ ಮುಖವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಕಿಟಕಿಯ ಬೆಳಕು ಅವನ ಮೇಲೇ ಬೀಳುತ್ತಿತ್ತು. ಪೌಡರು ಸರಿಯಾಗಿತ್ತು. ಆಮೇಲೆ ಭರಣಿ ತೆರೆದು, ಅವನ ಹಣೆಗೆ ಕುಂಕುಮ ಇಟ್ಟಳು. ಎರಡೂ ಕೈ ಹಿಡಿದು ರವಿಕೆ ಕಣ ಇಟ್ಟಳು. ಹಿಡಿದ ಕೈ ಬಿಡಲಿಲ್ಲ.

"ಬೆಚ್ಚಗಿದೆ," ಎಂದಳು. "ಮೊನ್ನೆ ನಿಮ್ಮ ಕೈ ಎಷ್ಟು ತಣ್ಣಗಿತ್ತು ಅಂದ್ರೆ, ಮನೆಗೆ ಹೋದ್ಮೇಲೂ ನನ್ನ ಬೆರಳು ಮರಗಟ್ಟಿತ್ತು. ನನಗೆ ಅದೇ ಯೋಚ್ನೆ ಆಗಿತ್ತು."

"ಈಗ ಆರಾಮದೀನ್ರಿ," ಎಂದ ಅವನು. ಮೆಲ್ಲಗೆ, ತನ್ನ ಧ್ವನಿಯಲ್ಲೇ.

ಆಕೆ ತಲೆಯಾಡಿಸಿ, ಹೊಲಿಯಲು ಕೊಟ್ಟಿದ್ದ ತನ್ನ ರವಿಕೆ ತೆಗೆದುಕೊಂಡು, ಕಾಫಿ ಬೇಡವೆಂದು ಹೋದಳು. ಗೊತ್ತಾಯಿತೋ ಇಲ್ಲವೋ, ಸಾಯುವ ತನಕ ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ಭಾನುವಾರದ ಊಟಕ್ಕೆ ಅವನನ್ನು ಕರೆಯುವುದನ್ನು ಮಾತ್ರ ಬಿಡಲಿಲ್ಲ.

ಕಾರು ಹೋದ ಸದ್ದು ಕೇಳಿದ ಮೇಲೆ ಅವನು ಕುರ್ಚಿಯಲ್ಲಿ ಕುಸಿದು ಕುಳಿತ.

"ಅಕ್ಕಾರ, ಮೊನ್ನೆ ಅವರು ಯಾರ ಕೈ ಹಿಡಿದ್ರು?"

"ನನಗೇನು ಗೊತ್ತು. ಮಿಲ್ಲಿನವರು ಒಂದೇ ಸೀರೆ ಮಾಡ್ತಾರಾ? ಹಣೆ ತೊಳ್ಕೊ, ಡ್ರೈವ್ ಮಾಡ್ಬೇಕು ನೀನು."

ಅವನು ಬಟ್ಟೆ ಬದಲಾಯಿಸಿದ. ಮುಖ ತೊಳೆದ. ಹಣೆ ತೊಳೆಯಲಿಲ್ಲ. ಪ್ಯಾಂಟು, ಕೋಟು, ಟೋಪಿ, ಟೋಪಿಯ ಕೆಳಗೆ ಕುಂಕುಮ ಇಟ್ಟುಕೊಂಡೇ ಹೋದ. ನಾನು ಬೈದೆ, ಕೇಳಿಸಿಕೊಳ್ಳಲಿಲ್ಲ. ಸೀರೆಯನ್ನು ನನ್ನ ಟ್ರಂಕಿನಲ್ಲಿ ಬಿಟ್ಟು ಹೋದ. ಆಮೇಲೆ ಅವನು ಶಿಕಾಗೋ ಕಡೆ ಹೋಗಿ ನೇಪರ್‌ವಿಲ್‌ನಲ್ಲಿ ಮನೆ ಮಾಡಿದ. ಕಾರ್ಡೂ ಬಂತು. ನಾನು ಹೇಳಿಕೊಟ್ಟ ಹಾಗೇ ಹೋಗಿ ಬರುತ್ತೇನೆ, ಈಗ ಬೂದಿ ಬಣ್ಣದ್ದೇ ಉಡುತ್ತೇನೆ ಎಂದು ಫೋನಿನಲ್ಲಿ ಹೇಳುತ್ತಿದ್ದ. ಒಮ್ಮೆಯೂ ಸಿಕ್ಕಿಬೀಳಲಿಲ್ಲ.

ಸೀರೆ ಟ್ರಂಕಿನಲ್ಲೇ ಇದೆ. ಆ ವರ್ಷ ರವಿಕೆಗೆ ಬಂದ ಹೆಂಗಸರಲ್ಲಿ ಮೂವರು ನನ್ನನ್ನು ಕೇಳಿದರು, ನಿಮ್ಮ ಮನೆಯಲ್ಲಿರುವ ಕನಕಾಂಬರದ ಸೀರೆಯವರು ಚೆನ್ನಾಗಿದ್ದಾರಾ ಎಂದು. ಒಬ್ಬಳು ಅವರನ್ನು ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಕಂಡಿದ್ದಳಂತೆ, ಹಿಮ ಬೀಳುವಾಗ, ಕೋಟಿಲ್ಲದೆ. ಚೆನ್ನಾಗಿದ್ದಾರೆ ಎಂದೆ. ಇನ್ನೇನು ಹೇಳಲಿ.

ಈಗ ದೂರದಲ್ಲಿ ಒಂದು ಸೀರೆ ಕಂಡರೆ ನಾನು ಹಿಂದೆ ಹೋಗುವುದಿಲ್ಲ. ಕೂಗಿ ಕರೆಯುವುದೂ ಇಲ್ಲ. ನಿಂತು, ಅವರು ಹೇಗೆ ನಿಲ್ಲುತ್ತಾರೆ ಎಂದು ನೋಡಿ, ನನ್ನ ದಾರಿ ಹಿಡಿಯುತ್ತೇನೆ.