ಟೈಪಿಸ್ಟ್ ಅಕ್ಕ ಮನೆ ಬಿಡದ ಭಾನುವಾರ

ಖಾಲಿ ಕೊಡವೊಂದು ಕಲ್ಲಿನ ಮೇಲೆ ಢಣ್ ಎಂದು ಬಿದ್ದು ಉರುಳಿಕೊಂಡು ಹೋಗುವ ಸದ್ದು, ಅದರ ಬೆನ್ನಿಗೇ ಹಾರ್ಮೋನಿಯಂ. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಲ್ಲಿ ಅಡುಗೆಕಟ್ಟೆ ಒರೆಸುತ್ತಿದ್ದವಳಿಗೆ ಆ ಸದ್ದು ಕೇಳಿ ಕೈ ನಿಂತೇಹೋಯಿತು. ಹೊರಗಿನ ಕೋಣೆಯಲ್ಲಿ ತಮ್ಮ ಈರಣ್ಣ ಮೊಬೈಲ್ ಹಿಡಿದು ಕೂತಿದ್ದ. "ಅಕ್ಕಾ, ಲಗೂನ ಬಾ. ನಳದ ಸೀರಿಯಲ್ಲು ಸಿಕ್ಕೈತಿ. ಯಾರೋ ಪುಣ್ಯಾತ್ಮ ಎಲ್ಲಾ ಹಾಕ್ಯಾನ," ಅಂದ. ನಾನು ಒದ್ದೆ ಕೈಯಲ್ಲೇ ಹೋಗಿ ಅವನ ಪಕ್ಕ ಕೂತೆ. ಪುಟ್ಟ ಪರದೆಯಲ್ಲಿ ಕಪ್ಪುಬಿಳುಪಿನ ಚಿತ್ರ ಓಡುತ್ತಿತ್ತು. ನನ್ನ ಮೂಗಿಗೆ ಮಾತ್ರ ತೌಡಿನ ವಾಸನೆ ಬಂತು, ಬಿಸಿಲಿಗೆ ಕಾದ ಭತ್ತದ ವಾಸನೆ ಬಂತು. ನಲವತ್ತು ವರ್ಷದ ಹಿಂದಿನ ಅಂಗಳವೊಂದು ಹಾಗೇ ಎದುರಿಗೆ ಬಂದು ನಿಂತಿತು.

ಸಿರುಗುಪ್ಪದ ಆ ಅಕ್ಕಿ ಗಿರಣಿ ಈಗ ಇಲ್ಲ. ಅದರ ಜಾಗದಲ್ಲಿ ಸೈಟುಗಳಾಗಿ, ಮನೆಗಳೆದ್ದು, ಬಾಗಿಲಿಗೆ ಮಾವಿನ ತೋರಣ ಕಟ್ಟುವ ಹೊಸ ಜನ ಬಂದಿದ್ದಾರೆ. ಆಗ ಗಿರಣಿಯ ಹಿಂದೆ ಕೆಲಸಗಾರರಿಗೆಂದು ಸಾಲಾಗಿ ಐದು ಮನೆಗಳಿದ್ದವು, ಎದುರಿಗೆ ಭತ್ತ ಹರವುವ ಸಿಮೆಂಟಿನ ಅಂಗಳ, ಮೂಲೆಯಲ್ಲಿ ಐದೂ ಮನೆಗೆ ಸೇರಿ ಒಂದೇ ನಳ. ಅಪ್ಪ ಗಿರಣಿಯಲ್ಲಿ ಚೀಲ ತೂಗುತ್ತಿದ್ದ. ತೌಡಿನ ಪುಡಿ ಗೋಡೆಯ ಮೇಲೆ, ಹಗ್ಗದ ಮೇಲಿನ ಬಟ್ಟೆಯ ಮೇಲೆ, ನಿದ್ದೆ ಮಾಡುವ ನಮ್ಮ ರೆಪ್ಪೆಯ ಮೇಲೂ ಕೂರುತ್ತಿತ್ತು. ಭಾನುವಾರ ಎಂಜಿನ್ನು ನಿಂತಾಗ ಮಾತ್ರ ನಮ್ಮಲ್ಲೂ ಗುಬ್ಬಿಗಳಿವೆ ಎಂದು ಗೊತ್ತಾಗುತ್ತಿತ್ತು. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಫಿಟ್ಟರ್ ಖಾಜಾ ಮಾಮಾ ತನ್ನ ಟಿವಿಯನ್ನು ಬಾಗಿಲ ಕಡೆ ತಿರುಗಿಸಿ ಇಡುತ್ತಿದ್ದ. ಹೆಂಗಸರು ಮಕ್ಕಳು ಒಳಗೆ, ಗಂಡಸರು ಹೊರಗೆ ಕಟ್ಟೆಯ ಮೇಲೆ. ಸೀರಿಯಲ್ಲಿನಲ್ಲೂ ನಮ್ಮ ಹಾಗೇ ಒಂದು ವಠಾರ, ಒಂದು ನಳ, ನಾಲ್ಕು ಬಾಡಿಗೆಮನೆ, ಬಿಸಿಲಿರಲಿ ಮೋಡವಿರಲಿ ಕೊಡೆ ಹಿಡಿದೇ ಬರುವ ಜಿಪುಣ ಮಾಲೀಕ. ಕೊನೆಯ ಮನೆಯಲ್ಲಿ ಒಬ್ಬಳೇ ಇರುವ ಟೈಪಿಸ್ಟ್ ಅಕ್ಕ ನಮ್ಮೆಲ್ಲರ ಮುದ್ದು. ಅವಳು ಮಾಲೀಕನಿಗೆ ತಿರುಗಿ ಉತ್ತರ ಕೊಟ್ಟರೆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಮ್ಮ ಹಾಗೆ ನಗುವುದನ್ನು ನಾನು ಬೇರೆಲ್ಲೂ ಕಂಡ ನೆನಪಿಲ್ಲ.

ಆದರೆ ಕತೆ ಮುಗಿಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುವುದು ನಮ್ಮ ಕಡೆ ವಾಡಿಕೆ. ಆಗ ಎಲ್ಲರೂ ತಿರುಗುತ್ತಿದ್ದದ್ದು ಶರಣಮ್ಮತ್ತೆಯ ಕಡೆಗೆ. ಅಂಗಳದಲ್ಲಿ ಭತ್ತ ಹರವಿ ಕಾಲಲ್ಲಿ ತಿರುವುವುದು ಅವಳ ಕೆಲಸ, ಐದನೆಯ ಮನೆ ಅವಳದು. ಓದು ಬರಹ ಬಾರದು. "ಮುಂದ ಏನಾತಂದ್ರ..." ಎಂದು ಕಾಲು ಮಡಚಿ ಕೂತಳೆಂದರೆ ಕೊಡೆಯ ಮಾಲೀಕನ ಮೂಗಿನ ದನಿಯಿಂದ ಹಿಡಿದು ನಳ ತೊಟ್ಟಿಕ್ಕುವ ಸದ್ದಿನವರೆಗೆ ಎಲ್ಲವೂ ಬರುತ್ತಿತ್ತು. ಅವಳಿಗೆ ಅದೆಲ್ಲ ಹೇಗೆ ಗೊತ್ತು ಎಂದು ನಾವು ಕೇಳಲಿಲ್ಲ. ದೊಡ್ಡವರಿಗೆ ಗೊತ್ತಿರುತ್ತದೆ, ಅಷ್ಟೆ. ನಿಮ್ಮ ಕೇರಿಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು. ಇದ್ದಿದ್ದರೆ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ವರ್ಷ ಶರಣಮ್ಮತ್ತೆಯ ಗಂಡ ಆದೋನಿ ಕಡೆ ಕೆಲಸಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಅವನು ಗಿರಣಿಯ ಹಮಾಲ, ಮನೆ ಇದ್ದದ್ದು ಅವನ ಹೆಸರಲ್ಲಿ. ನಾಲ್ಕು ತಿಂಗಳು ಕಾದು ಗಿರಣಿಯ ಗುಮಾಸ್ತ ಅವಳಿಗೆ ಮನೆ ಖಾಲಿ ಮಾಡಲು ಹೇಳಿದ. ಕಂಕುಳಲ್ಲಿ ಎರಡು ವರ್ಷದ ಮಗಳು. ಅವಳು ಯಾರ ಮುಂದೆಯೂ ಅಳಲಿಲ್ಲ. ಭತ್ತ ತಿರುವುವಾಗ ಮಾತ್ರ ಮುಖ ಎತ್ತುತ್ತಿರಲಿಲ್ಲ. ಅದೇ ವಾರದ ಭಾನುವಾರ ಸೀರಿಯಲ್ಲಿನಲ್ಲೂ ಮಾಲೀಕ ಟೈಪಿಸ್ಟ್ ಅಕ್ಕನಿಗೆ ಮನೆ ಬಿಡು ಎಂದ. ಅವಳು ಟ್ರಂಕು ಎತ್ತಿ ಹೊಸ್ತಿಲಿಗೆ ಬಂದಳು. ಅಷ್ಟರಲ್ಲಿ ಕರೆಂಟು ಹೋಯಿತು. ಆಮೇಲೆ ಶರಣಮ್ಮತ್ತೆ, ಎಂದಿಗಿಂತ ಜೋರು ದನಿಯಲ್ಲಿ, ಶುರುಮಾಡಿದಳು. "ಮುಂದ ಏನಾತಂದ್ರ, ಮೊದಲನೇ ಮನಿಯವರು ತಮ್ಮ ಟ್ರಂಕ್ ತಂದು ಆಕಿ ಟ್ರಂಕಿನ ಬಾಜು ಇಟ್ರು. ಎರಡನೇ ಮನಿಯವರೂ ಇಟ್ರು. ಇಕಿ ಹೋದ್ರ ನಾವೂ ಹೋಗತೀವಿ ಅಂದ್ರು. ಮಾಲೀಕನ ಕೈಯಾಗಿನ ಕೊಡಿ ನಡಗಾಕ ಹತ್ತಿತು ನೋಡ್ರಿ." ನಾವು ಮಕ್ಕಳೆಲ್ಲ ಚಪ್ಪಾಳೆ ತಟ್ಟಿದೆವು.

ಮರುದಿನ ಬೆಳಿಗ್ಗೆ ಏನಾಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಪ್ಪ ಮತ್ತು ಖಾಜಾ ಮಾಮಾ ನಮ್ಮ ನೀಲಿ ಟ್ರಂಕನ್ನು ಎರಡೂ ಕಡೆ ಹಿಡಿದುಕೊಂಡು ಹೋಗಿ ಗುಮಾಸ್ತನ ಕೋಣೆಯ ಮುಂದೆ ಇಟ್ಟರು. ಅದರ ಪಕ್ಕಕ್ಕೆ ಖಾಜಾ ಮಾಮಾನ ಮನೆಯದು, ಮತ್ತೆರಡು ಮನೆಯವರದು. ಕೊನೆಗೆ ಟಿವಿಯೂ ಬಂತು. ಎಂಜಿನ್ನು ಶುರುವಾಗಿರಲಿಲ್ಲ, ಸೋಮವಾರ ಗುಬ್ಬಿಗಳ ದನಿ ಕೇಳಿದ್ದು ಅದೇ ಮೊದಲು.

"ಎಲ್ಲಿಗೆ ಹೊಂಟೀರಿ ಎಲ್ಲಾರೂ?" ಎಂದ ಗುಮಾಸ್ತ.

"ಎಲ್ಲಿಗಂತ ಇನ್ನಾ ಗೊತ್ತಿಲ್ರಿ," ಎಂದ ಖಾಜಾ ಮಾಮಾ. "ಶರಣಮ್ಮ ಎಲ್ಲಿಗೆ ಹೋಗ್ತಾಳೋ ಅಲ್ಲಿಗೆ."

ಅಮ್ಮ ಅಲ್ಲೇ ಸ್ಟೋವ್ ಹಚ್ಚಿ ಚಹಾಕ್ಕೆ ಇಟ್ಟಳು. ಮಧ್ಯಾಹ್ನ ಗಿರಣಿಯ ಮಾಲೀಕರು ಕಾರಿನಲ್ಲಿ ಬಂದರು. ಟ್ರಂಕುಗಳನ್ನು ನೋಡಿದರು, ಸುಮ್ಮನೆ ನಿಂತ ಗಿರಣಿಯನ್ನು ನೋಡಿದರು. "ಆ ಮನಿ ಆಕಿ ಹೆಸರಿಗೆ ಬರಕೊಳ್ರಿ," ಎಂದು ಗುಮಾಸ್ತನಿಗೆ ಹೇಳಿ, "ಎಂಜಿನ್ ಚಾಲೂ ಮಾಡೋ ಖಾಜಾ," ಎಂದರು. ಅಷ್ಟೇ. ನಾವು ಮಕ್ಕಳು ದೊಡ್ಡವರೆಲ್ಲ ಸೀರಿಯಲ್ಲಿನ ಆಟ ಆಡಿದರು ಅಂದುಕೊಂಡೆವು. ಟೈಪಿಸ್ಟ್ ಅಕ್ಕ ಮುಂದಿನ ಭಾನುವಾರ ಕಾಣಲಿಲ್ಲ. ಕೇಳಿದರೆ ಶರಣಮ್ಮತ್ತೆ, "ರಜಾ ಹಾಕಿ ಊರಿಗೆ ಹೋಗ್ಯಾಳವ್ವಾ," ಅಂದಳು. ಎಷ್ಟೋ ವಾರ ನಾನು ಅವಳ ರಜೆ ಮುಗಿಯುವುದನ್ನೇ ಕಾಯುತ್ತಿದ್ದೆ.

ಈರಣ್ಣನೂ ನಾನೂ ಆ ಎಪಿಸೋಡನ್ನು ಹುಡುಕಿ ಹಾಕಿದೆವು. ಟೈಪಿಸ್ಟ್ ಅಕ್ಕ ಟ್ರಂಕು ಎತ್ತಿ ಹೊಸ್ತಿಲಿಗೆ ಬಂದಳು. ಮುಂದಿನದಕ್ಕೆ ಇಬ್ಬರೂ ಉಸಿರು ಹಿಡಿದೆವು. ವಠಾರದವರು ಕಿಟಕಿಯ ಪರದೆ ಸರಿಸಿ ನೋಡಿದರು, ಮತ್ತೆ ಮುಚ್ಚಿದರು. ಅವಳು ಟಾಂಗಾ ಹತ್ತಿದಳು. ಗಾಳಿಗೆ ಮಾಲೀಕನ ಕೊಡೆ ಮಗುಚಿತು, ಹಿನ್ನೆಲೆಯಲ್ಲಿ ಯಾರೋ ಕಾಣದ ಜನ ಗೊಳ್ಳೆಂದು ನಕ್ಕರು. ಮುಗಿಯಿತು. ಈರಣ್ಣ ನನ್ನ ಮುಖ ನೋಡಿದ. "ಅಕ್ಕಾ, ಎಲ್ಲಾರೂ ಟ್ರಂಕ್ ಇಟ್ಟಿದ್ದು ಇದರಾಗ ಇಲ್ಲೇ ಇಲ್ಲಲ್ಲ!"

ಖಾಜಾ ಮಾಮಾ ಹೋಗಿ ಎಷ್ಟೋ ವರ್ಷವಾಯಿತು. ಅಪ್ಪ ಅಮ್ಮನೂ ಇಲ್ಲ. ಶರಣಮ್ಮತ್ತೆ ಇದ್ದಳು, ಕುರುಗೋಡಿನಲ್ಲಿ ಮಗಳ ಮನೆಯಲ್ಲಿ. ಮುಂದಿನ ವಾರ ಈರಣ್ಣ ಹೋಗಿ ಕರೆದುಕೊಂಡು ಬಂದ. ಬೆನ್ನು ಬಾಗಿದೆ, ದನಿ ಮಾತ್ರ ಹಾಗೇ ಇದೆ. ಉಂಡು ಎಲೆ ಅಡಿಕೆ ಹಾಕಿಕೊಂಡ ಮೇಲೆ ದೊಡ್ಡ ಟಿವಿಯಲ್ಲಿ ಅದನ್ನು ಹಾಕಿದೆವು. ಅವಳು ಕನ್ನಡಕದೊಳಗಿಂದ ಕೊನೆಯವರೆಗೂ ನೋಡಿದಳು, ಒಮ್ಮೆಯೂ ನಗಲಿಲ್ಲ. "ಅಷ್ಟು ಮನಿ ಅದಾವು. ಒಬ್ಬರರ ಬಾಗಲಾ ತೆಗೀಬಾರದಾ?" ಅಂದಳು.

"ಹಂಗಾದ್ರ ನಮಗ ಸುಳ್ಳು ಹೇಳಿದ್ಯಲ್ಲ ಅತ್ತಿ," ಅಂದೆ.

"ನಿಮಗೆಲ್ಲಿ ಹೇಳಿದ್ನಲೇ? ನೀವು ಸಣ್ಣ ಹುಡುಗರು. ಹೊರಗ ಕಟ್ಟಿ ಮ್ಯಾಲೆ ಗಂಡಸರು ಕುಂತಿದ್ರು. ಬಾಯಿ ಬಿಟ್ಟು ಕೇಳಾಕ ನನಗ ನಾಚಿಕಿ. ಅವರಿಗೆ ಕೇಳಲಿ ಅಂತ ಜೋರಾಗಿ ಹೇಳಿದೆ."

ಈರಣ್ಣ ಮೆಲ್ಲಗೆ, "ಖಾಜಾ ಮಾಮಾಗ ಗೊತ್ತಾತೇನು?" ಎಂದು ಕೇಳಿದ.

"ಗೊತ್ತಾಗದ ಏನು. ಅವತ್ತ ಸಂಜಿಮುಂದ ಬಂದು ಅಂದ, ಟಿವಿಯಾಗ ಹೆಂಗರ ಆಗ್ಲಿ ಶರಣಮ್ಮ, ಇಲ್ಲಿ ಮಾತ್ರ ನೀ ಹೇಳಿದಂಗ ಆಕ್ಕೈತಿ." ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದಳು.

ಅವಳನ್ನು ಊರಿಗೆ ಕಳಿಸಿದ ಮೇಲೆ ಆ ವಿಡಿಯೋದ ಕೆಳಗೆ ಜನ ಬರೆದದ್ದನ್ನು ಓದುತ್ತಾ ಕೂತೆ. ಎಲ್ಲೆಲ್ಲಿಯವರೋ, ಎಲ್ಲರೂ ತಮ್ಮ ತಮ್ಮ ಭಾನುವಾರಗಳನ್ನು ನೆನೆಸಿಕೊಂಡಿದ್ದರು. ನಾನೂ ಬರೆದೆ: ಸಿರುಗುಪ್ಪದಲ್ಲಿ ಒಂದು ಗಿರಣಿಯ ಹಿಂದೆ ಐದು ಮನೆಗಳಿದ್ದವು, ಅಲ್ಲಿ ಈ ಕತೆ ಬೇರೆ ಥರ ಮುಗಿಯಿತು, ಟೈಪಿಸ್ಟ್ ಅಕ್ಕ ಹೋಗಲಿಲ್ಲ, ಯಾರೂ ಅವಳನ್ನು ಹೋಗಗೊಡಲಿಲ್ಲ. ಎರಡು ದಿನದ ಮೇಲೆ ಗುರುತಿಲ್ಲದ ಒಬ್ಬ ಹುಡುಗಿ ಕೇಳಿದ್ದಳು, ಆ ಎಪಿಸೋಡ್ ನೋಡಬೇಕಿತ್ತಲ್ಲ, ಎಲ್ಲಿ ಸಿಗುತ್ತದೆ?

ಫೋನಿನಲ್ಲಿ ಶರಣಮ್ಮತ್ತೆಗೆ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ನಗು, ಆಮೇಲೆ ಕೆಮ್ಮು.

"ಕುರುಗೋಡಿಗೆ ಬಾ ಅನ್ನವ್ವಾ ಆಕಿಗೆ," ಅಂದಳು. "ನಾ ಇನ್ನಾ ಅದೀನಿ."