ಬೆಳೆಯೋ ಹುಡುಗಿಯ ಲಿವರ್ ರಿಪೋರ್ಟು

ನಾನು ಹೊಸಪೇಟ್ಯಾಗ ರಕ್ತ ತಪಾಸಣೆ ಮಾಡೋ ಲ್ಯಾಬೊಂದರಾಗ ಕೆಲಸ ಮಾಡ್ತೀನಿ. ನಮ್ಮಕ್ಕನ್ನ ಕಂಪ್ಲಿ ಹತ್ರದ ಮೆಟ್ರಿ ಊರಿಗೆ ಕೊಟ್ಟೈತಿ. ಅವಳ ಮಗಳಿಗೆ ಹನ್ನೆರಡು ತುಂಬಿತ್ತು. ಒಂದು ವರ್ಷದಾಗ ಹುಡುಗಿ ನೋಡ್ತಾ ನೋಡ್ತಾ ಅವ್ವನ ಹೆಗಲಿಗೆ ಬಂದಿದ್ಲು. ಮೊಣಕಾಲು ನೋವು, ಮೊಣಕಾಲು ನೋವು ಅಂತ ಒಂದ ಸಮನೆ ಗೋಳು. ಡಾಕ್ಟರು ರಕ್ತ ಪರೀಕ್ಷೆ ಬರಕೊಟ್ರು. ಬ್ಯಾರೆ ಕಡೆ ಯಾಕ ಅಂತ ಅಕ್ಕ ಅಕಿನ್ನ ನನ್ನ ಹತ್ರಾನ ಕರಕೊಂಡು ಬಂದ್ಲು.

ರಿಪೋರ್ಟಿನ್ಯಾಗ ಎಲ್ಲಾ ಸರಿ ಇತ್ತು, ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಒಂದು ಕಿಣ್ವ ಬಿಟ್ಟು. ದೊಡ್ಡವರಿಗೆ ಅದು ಜಾಸ್ತಿ ಬಂದ್ರ ಲಿವರಿಗೆ ಏನಾತು ಅಂತ ನೋಡ್ತಾರ. ಬೆಳೆಯೋ ಮಕ್ಕಳ ಮಾತು ಬ್ಯಾರೆ. ಎಲುಬಿನ ತುದಿಗಿರೋ ಮೆತ್ತನೆ ಕಾರ್ಟಿಲೇಜು ಬೆಳೆದು ಗಟ್ಟಿ ಎಲುಬಾಗೋ ಜಾಗದಾಗ ಈ ಕಿಣ್ವಕ್ಕ ಕೈತುಂಬ ಕೆಲಸ. ಹುಡುಗಿ ಉದ್ದ ಆಗಾಕ ಹತ್ಯಾಳ, ಅಷ್ಟ. ಆದ್ರ ನಮ್ಮ ಲ್ಯಾಬಿನ ಕಂಪ್ಯೂಟರಿಗೆ ಮುದುಕ್ರು, ಮಕ್ಕಳು ಎಲ್ಲಾರೂ ಒಂದ. ಲಿವರ್ ಟೆಸ್ಟಿನ ಪಟ್ಟಿಯಾಗ ಆ ಅಂಕಿ ದಪ್ಪಗ ಮಾಡಿ ಕೊಟ್ಟಿತ್ತು. ಮಕ್ಕಳ ರಿಪೋರ್ಟಿದ್ರ ನಾನು ಕೆಳಗ ಪೆನ್ನಿಲೆ 'ಬೆಳೆಯೋ ವಯಸ್ಸಿಗೆ ಇದು ಸಹಜ' ಅಂತ ಬರೀತಿದ್ದೆ. ಅವತ್ತು ಶನಿವಾರ, ಲ್ಯಾಬಿನ್ಯಾಗ ಕಾಲಿಡಾಕ ಜಾಗ ಇರಲಿಲ್ಲ. ಮನಿಯವರದ ತಾನೆ, ಬಾಯಿಲೆ ಹೇಳಿದ್ರಾತು ಅಂತ ಫೋಟೊ ಹೊಡೆದು ಕಳಿಸಿದೆ.

ಅಕ್ಕ ಫೋನ್ ಹಚ್ಚಿದ್ಲು. "ದಪ್ಪಗ ಐತಲ್ಲ, ಏನದು?"

"ಲಿವರ್ ಟೆಸ್ಟು. ಒಂದೀಟು ಜಾಸ್ತಿ ಐತಿ. ಮಂದಿ ಭಾಳ ಅದಾರ, ಆಮ್ಯಾಲ ಹೇಳ್ತೀನಿ ಇಡು," ಅಂದೆ.

ಆಮ್ಯಾಲ ಹೇಳಲೇ ಇಲ್ಲ. ಮರತೆ. ನನ್ನ ಬಾಯಾಗ ಮಣ್ಣು ಹಾಕ.

ಭಾನುವಾರ ಮುಂಜಾನೆ ಅಕ್ಕನ ಮೆಸೇಜು ಬಂತು. 'ಲಿವರ್ ಅಂದ್ರ ಕಾಮಾಲಿನ ಅಂತ ನಮ್ಮತ್ತಿ ಅಂದ್ರು. ಖಾಲಿ ಹೊಟ್ಟಿಲೆ ಬರೆ ಹಾಕಸಾಕ ಹೊಂಟೀವಿ. ನೀನು ಚಿಂತಿ ಮಾಡಬ್ಯಾಡ.'

ಬರೆ ಅಂದ್ರ ಅರಿಷಿಣ ಕೊಂಬು ಕೆಂಡದಾಗ ಕಾಸಿ ರಟ್ಟಿಗೆ ಒತ್ತೋದು. ಕಾಮಾಲಿಗೆ ನಮ್ಮ ಕಡೆ ಇನ್ನೂ ನಡದೈತಿ. ಅಕ್ಕನ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾತು. ಭಾವಂದು ಸ್ವಿಚಾಫ್. ಇದ್ದ ಸೀರಿ ಮ್ಯಾಲ ಓಡಿ ಕಂಪ್ಲಿ ಬಸ್ಸು ಹಿಡಿದೆ. ಕಮಲಾಪುರದಾಗ ಹಂಪಿ ನೋಡಾಕ ಬಂದವರ ಕಾರು ಅಡ್ಡಾದಿಡ್ಡಿ ನಿಂತಿದ್ವು, ಬಸ್ಸು ಅಲ್ಲಾಡವಲ್ದು. "ಹಾರ್ನ್ ಹೊಡಿರಿ ಡ್ರೈವರಣ್ಣ," ಅಂತ ಕೂಗಿದೆ. "ನೀವ ಬಂದು ಹೊಡಿರಿ ಬರ್ರಿ," ಅಂದ. ಮಂದಿ ನಕ್ಕರು. ಕಂಪ್ಲ್ಯಾಗ ಇಳಿದು ಆಟೋದವನಿಗೆ, "ಎಷ್ಟರ ತಗೋ, ಮೆಟ್ರಿಗೆ ಜಲ್ದಿ ಬಿಡು," ಅಂದೆ. ಇನ್ನೊಂದು ಸಲ ಫೋನ್ ಹಚ್ಚಿದೆ, ಎತ್ತಲಿಲ್ಲ.

ಬರೆ ಹಾಕೋ ಅಜ್ಜ ಊರ ತುದಿಗಿರೋ ಬೇವಿನ ಗಿಡದ ಕೆಳಗ ಕುಂತಿದ್ದ. ನಾನು ಹೋಗೋದ್ರಾಗ ಕೆಂಡದ ಮ್ಯಾಲ ನೀರು ಹಾಕಾಕ ಹತ್ತಿದ್ದ. ಹುಡುಗಿ ಎಡಗೈ ರಟ್ಟಿ ಮ್ಯಾಲ ಮೂರು ಬರೆ ಇದ್ವು, ಚರ್ಮ ಎದ್ದಿತ್ತು. ಪಕ್ಕದಾಗ ಅಕ್ಕ ಸೆರಗಿಲೆ ಗಾಳಿ ಹಾಕ್ತಿದ್ಲು.

ನನಗ ತಡೀಲಿಲ್ಲ. "ಏನಜ್ಜಾ, ನಿನಗ ಕಣ್ಣು ಕಾಣಂಗಿಲ್ಲೇನು? ಇಕಿ ಕಣ್ಣಾಗ ಹಳದಿ ಎಲ್ಲೈತಿ ತೋರ್ಸು," ಅಂತ ಬಾಯಿಗೆ ಬಂದಂಗ ಬೈದೆ.

"ಅಜ್ಜಗ ಬೈಬ್ಯಾಡ ಚಿಗವ್ವ," ಅಂದ್ಲು ಹುಡುಗಿ. "ಕಣ್ಣು ಬೆಳ್ಳಗ ಅದಾವು, ಇದು ಕಾಮಾಲಿ ಅಲ್ಲ, ಮನಿಗೆ ಹೋಗ್ರಿ ಅಂತ ಅಜ್ಜ ಎರಡು ಸಲ ಅಂದ. ನಾನ ಅವ್ವನ ಫೋನಿನ್ಯಾಗ ರಿಪೋರ್ಟು ತೋರಿಸಿದೆ. ನಮ್ಮ ಚಿಗವ್ವ ಮಾಡಿದ್ದು, ತಪ್ಪಾಗಂಗಿಲ್ಲ ಅಂದೆ. ಭಾಳ ಉರೀತು. ಆದ್ರ ಅಳಲಿಲ್ಲ ನಾನು."

ಅಕ್ಕ ಗಾಳಿ ಹಾಕೋದು ನಿಲ್ಲಿಸಿ ನನ್ನ ಮುಖ ನೋಡಿದ್ಲು. "ಹಂಗಾರ ಕಾಮಾಲಿ ಇಲ್ಲೇನು?"

"ಇಲ್ಲ. ಅಕಿಗೆ ಏನೂ ಆಗಿಲ್ಲ, ಬೆಳಿಯಾಕ ಹತ್ಯಾಳ ಅಷ್ಟ. ನಿನ್ನೆನ ಹೇಳಬೇಕಿತ್ತು ನಾನು."

ಹುಡುಗಿ ಒಮ್ಮೆ ನನ್ನ ನೋಡಿದ್ಲು, ಒಮ್ಮೆ ತನ್ನ ರಟ್ಟಿ ನೋಡಿಕೊಂಡ್ಲು. ಆವಾಗ ಅಳಾಕ ಹತ್ತಿದ್ಲು.