ಲೇಬಲ್ಲಿಲ್ಲದ ಕ್ಯಾಸೆಟ್ಟು

ನಮ್ಮಣ್ಣನದು ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ನರಪೇತಲ ಮೈ, ಕೈಯಲ್ಲಿ ಸದಾ ಒಂದು ವೈರು. ಎಲ್ಲರೂ ಅವನನ್ನು ತಂತಿ ಎಂದೇ ಕರೆಯುತ್ತಿದ್ದರು. ಕೆಲಸ ರೇಡಿಯೊ ರಿಪೇರಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ನಮ್ಮ ತಂಡ: ಅವನ ಗಿಟಾರು, ನನ್ನ ಗಂಟಲು, ಬಡಗಿಯೊಬ್ಬನ ಡ್ರಮ್ಮು. ಕೂಲಿಯವರ ಹಳೇ ಪದಗಳ ಧಾಟಿಗೆ ಕರೆಂಟು ಹರಿಸಿ, ಗಿರಣಿ ನಡೆಸುವವರೇ ಗಿರಣಿಯ ಒಡೆಯರಾಗಲಿ ಎಂದು ಹಾಡುತ್ತಿದ್ದೆವು. ಸರ್ಕಾರ ಆ ಹಾಡುಗಳನ್ನು ನಿಷೇಧಿಸಿದ ಮೇಲಂತೂ ನಮಗೆ ಕೊಂಬು ಬಂತು.

ಹೊಸ ಕ್ಯಾಸೆಟ್ಟುಗಳನ್ನು ರಾಶಿಯಾಗಿ ಕೊಂಡರೆ ಪೊಲೀಸರ ಕಣ್ಣು ಬೀಳುತ್ತದೆ. ಹಾಗಾಗಿ ಮನೆಮನೆಯಿಂದ ಬೇಡಿ ತಂದ ಹಳೆಯವುಗಳ ಮೇಲೇ ಹಾಡು ತುಂಬುತ್ತಿದ್ದೆವು. ಅಣ್ಣನ ನಿಯಮ ಎರಡು. ಲೇಬಲ್ಲು ಕಿತ್ತುಹಾಕಬೇಕು. ಹಾಡು ಮುಗಿದ ಮೇಲೂ ಟೇಪಿನ ಕೊನೆಯವರೆಗೆ ಬರೀ ಮೌನ ರೆಕಾರ್ಡ್ ಮಾಡಬೇಕು. ಹಳೆಯ ದನಿ ಉಳಿದು ಯಾರ ಮನೆಯದೆಂದು ಬಾಯಿಬಿಡಬಾರದು. ಹಂಚುವವರಿಗೆಲ್ಲ ಇದನ್ನು ತಲೆ ಚಿಟ್ಟು ಹಿಡಿಯುವಷ್ಟು ಸಲ ಹೇಳಿದ್ದ.

ಗಿರಣಿ ಮುಷ್ಕರದ ಮುನ್ನಾದಿನ ಆತುರ. ಕೊನೆಯ ಹತ್ತಕ್ಕೆ ಮೌನ ತುಂಬದೆಯೇ ಕಳಿಸಿಬಿಟ್ಟೆವು. ಸಂಜೆ ಅಣ್ಣ ಕಪಾಟು ತೆರೆದು, ಅಮ್ಮನ ಕ್ಯಾಸೆಟ್ಟೆಲ್ಲಿ ಎಂದು ಕೇಳಿದ. ಕಪಾಟಿನಲ್ಲಿದ್ದ ಕ್ಯಾಸೆಟ್ಟಿನ ಡಬ್ಬಿಯನ್ನು ರಾಶಿಗೆ ಸುರಿದು, ನೋಡದೆಯೇ ಲೇಬಲ್ಲು ಕಿತ್ತವಳು ನಾನೇ. ತೀರಿಹೋದ ಅಮ್ಮನ ದನಿ ಉಳಿದಿದ್ದು ಅದೊಂದರಲ್ಲೇ. ಹಾಡು ಮೊದಲ ಭಾಗವನ್ನು ನುಂಗಿದರೂ ಕೊನೆಯಲ್ಲಿ ಅವಳು ಗದರುವುದು ಹಾಗೇ ಇರುತ್ತದೆ: "ಏ ತಂತಿ, ರೇಡಿಯೊ ಅಂಗಡಿ ಬಾಗಿಲು ಹಾಕಿ ಊಟಕ್ಕೆ ಬಾರೋ." ಪೊಲೀಸರಿಗೆ ಅಷ್ಟು ಸಾಕು.

ಮೂರು ದಿನ ಅಣ್ಣ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಗಿರಣಿಯ ಗೇಟು, ಕಾರ್ಮಿಕರ ಮನೆ ಎಂದು ಅಲೆದ. ನಾನು ಹಿಂದೆ ಹಿಂದೆ. ಒಂಬತ್ತು ಸಿಕ್ಕವು, ಒಂದರಲ್ಲೂ ಅಮ್ಮನಿಲ್ಲ. ಹತ್ತನೆಯದು ಗಿರಣಿಯಲ್ಲಿ ನೂಲು ಸುತ್ತುತ್ತ ನಮ್ಮ ಕ್ಯಾಸೆಟ್ಟು ಹಂಚುತ್ತಿದ್ದ ಅಕ್ಕನೊಬ್ಬಳ ಬಳಿಯಿತ್ತು. ಊಟದ ಡಬ್ಬಿಯ ತಳದಿಂದ ಅದನ್ನು ತೆಗೆದುಕೊಟ್ಟಳು.

"ಹೆದರಬೇಡ ತಮ್ಮಾ. ಕೊನೇಲಿ ಯಾರೋ ಹೆಂಗಸು ನಿನ್ನ ಹೆಸರು ಹಿಡಿದು ಕೂಗ್ತಿದ್ರು. ನೀನು ಹೇಳಿಕೊಟ್ಟ ಹಾಗೇ ಆ ದನೀನ ಪೂರ್ತಿ ಅಳಿಸಿದೀನಿ."

"ಒಳ್ಳೇದಾಯ್ತಕ್ಕಾ," ಅಂದ ಅಣ್ಣ.

ಅಂಗಡಿಗೆ ಬಂದವನೇ ಅದನ್ನು ಹಾಕಿ ಕೂತ. ನನ್ನ ಹಾಡು ಮುಗಿಯಿತು, ಮೌನ ಶುರುವಾಯಿತು. ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೇಳುವವರೆಗೂ ಅವನು ಕೂತಲ್ಲಿಂದ ಅಲ್ಲಾಡಲಿಲ್ಲ.